ಟ್ರೆಕ್‌ಗೂ ಕಯಾಕ್‌ಗೂ ಒಂದೇ ದೊಡ್ಡ ಡ್ರೈ ಬ್ಯಾಗ್ ಸಾಕಾ?

ಮಳೆಯಲ್ಲಿ ಮೂರು ದಿನ ಟ್ರೆಕ್, ನಾಲ್ಕನೇ ದಿನ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಪುಟ್ಟ ದೋಣಿ. ಇದಕ್ಕೆ 30 ಲೀಟರಿನ ಒಂದೇ ಡ್ರೈ ಬ್ಯಾಗ್ (ನೀರು ಒಳಗೆ ಹೋಗದಂತೆ ಬಾಯಿ ಸುತ್ತಿ ಮುಚ್ಚುವ ಚೀಲ) ಸಾಕಾ, ಯಾವ ಥರದ್ದು ತೆಗೆದುಕೊಳ್ಳಲಿ ಅಂತ ಕೇಳಿದ್ದೀರಿ. ಒಂದೇ ಬೇಡ, ಮೂರು ತೆಗೆದುಕೊಳ್ಳಿ. ಸ್ಲೀಪಿಂಗ್ ಬ್ಯಾಗ್ ಮತ್ತು ರಾತ್ರಿಯ ಬಟ್ಟೆಗೆ 20 ಲೀಟರಿನದು, ಹಗಲು ಬೇಕಾಗುವ ಸಾಮಾನಿಗೆ 10 ಲೀಟರಿನದು, ಫೋನ್, ಪವರ್ ಬ್ಯಾಂಕ್, ಕಾಗದಪತ್ರಕ್ಕೆ 5 ಲೀಟರಿನದು. ಎಲ್ಲ ಒಂದರಲ್ಲೇ ತುಂಬಿದರೆ, ಸುರಿಯುವ ಮಳೆಯಲ್ಲಿ ಒಂದು ಜೊತೆ ಸಾಕ್ಸ್ ತೆಗೆಯುವುದಕ್ಕೂ ಇಡೀ ಚೀಲ ಬಿಚ್ಚಬೇಕು. ಬಣ್ಣ ಬೇರೆ ಬೇರೆ ಇರಲಿ, ಕತ್ತಲಲ್ಲಿ ಹುಡುಕುವ ಪಾಡು ತಪ್ಪುತ್ತದೆ.

ಆದರೆ ಯಾವ ಬ್ಯಾಗ್ ಅನ್ನುವುದಕ್ಕಿಂತ ಅದರ ಬಾಯಿ ಹೇಗೆ ಮುಚ್ಚುತ್ತೀರಿ ಅನ್ನುವುದು ಮುಖ್ಯ. ಒಮ್ಮೆ ನಾನು 10 ಲೀಟರಿನ ಬ್ಯಾಗನ್ನು ಕುತ್ತಿಗೆವರೆಗೂ ತುರುಕಿದ್ದೆ. ಬಾಯಿ ಒಂದೇ ಸುತ್ತು ಬಂತು, ಹಾಗೇ ಕ್ಲಿಪ್ ಹಾಕಿದೆ. ದೋಣಿ ಮಗುಚಿತು, ಬ್ಯಾಗ್ ಕೆಲವೇ ನಿಮಿಷ ನೀರಲ್ಲಿತ್ತು. ಕ್ಯಾಮೆರಾ ಮತ್ತೆ ಆನ್ ಆಗಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಬ್ಯಾಗಿನಲ್ಲಿ ಒಂದು ತೂತೂ ಸಿಗಲಿಲ್ಲ. ನೀರು ಬಂದಿದ್ದು ಬಾಯಿಂದಲೇ.

ಹಾಗಾಗಿ ಮೇಲಿನ ಕಾಲು ಭಾಗ ಖಾಲಿ ಬಿಡಿ. 20 ಲೀಟರ್ ಅಂತ ಬರೆದಿದ್ದರೆ 15 ಲೀಟರ್ ಅಂದುಕೊಂಡೇ ತುಂಬಿ. ಬಾಯಿಯ ಎರಡೂ ಅಂಚು ಸರಿಯಾಗಿ ಜೋಡಿಸಿ, ಎರಡು ಕಡೆಗೂ ಎಳೆದು ಸುಕ್ಕು ತೆಗೆಯಿರಿ. ಒಂದೇ ಒಂದು ಸುಕ್ಕು ಉಳಿದರೂ ಅದು ನೀರಿಗೆ ಕಾಲುವೆ ಇದ್ದಂತೆ. ಅಂಚಿನಲ್ಲಿ ಮರಳು, ಹುಲ್ಲು ಅಂಟಿದ್ದರೆ ಒರೆಸಿ. ಆಮೇಲೆ ಬಿಗಿಯಾಗಿ ಕನಿಷ್ಠ ಮೂರು ಸುತ್ತು ಸುತ್ತಿ, ತುದಿಗಳನ್ನು ಬಗ್ಗಿಸಿ ಕ್ಲಿಪ್ ಹಾಕಿ. ಬೆನ್ನಚೀಲದಲ್ಲಿ ಇಡುವಾಗ ಗಾಳಿ ಪೂರ್ತಿ ಹೊರಗೆ ಒತ್ತಿ, ಜಾಗ ಉಳಿಯುತ್ತದೆ. ಕಯಾಕ್‌ನಲ್ಲಿ ಮಾತ್ರ ಸ್ವಲ್ಪ ಗಾಳಿ ಬಿಡಿ, ನೀರಿಗೆ ಬಿದ್ದರೆ ತೇಲುತ್ತದೆ. ಅಲ್ಲಿ ಬ್ಯಾಗನ್ನು ಕಯಾಕ್‌ಗೆ ಗಿಡ್ಡವಾಗಿ ಕಟ್ಟಿ. ಉದ್ದ ಹಗ್ಗ ಸುಮ್ನೆ ಜೋತಾಡಿದರೆ, ಮಗುಚಿದಾಗ ಕಾಲಿಗೆ ಸಿಕ್ಕಿಕೊಳ್ಳುವ ಅಪಾಯ ಇದೆ.

ಇನ್ನು ಬ್ಯಾಗ್ ಯಾವ ಬಟ್ಟೆಯದು ಅನ್ನುವ ವಿಷಯ. ಪಿವಿಸಿ ದಪ್ಪ, ಭಾರ, ಬಂಡೆಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ. ಕಯಾಕ್‌ಗೆ ಅದು ಒಳ್ಳೆಯದು. ತೆಳು ನೈಲಾನ್ ಹಗುರ, ಬೆನ್ನಚೀಲದ ಒಳಗೆ ಇಡುವುದಕ್ಕೆ ಸರಿ. ಆದರೆ ಅದನ್ನೇ ಹೊರಗೆ ನೇತುಹಾಕಿದರೆ ಮುಳ್ಳಿಗೆ ಸಿಕ್ಕಿ ತೂತಾಗುತ್ತದೆ. ನಿಮ್ಮ 20 ಲೀಟರಿನದು ನೈಲಾನ್ ಇರಲಿ, ಉಳಿದ ಎರಡು ಪಿವಿಸಿ. ಕೊಳ್ಳುವಾಗ ಒಳಗಡೆ ತಿರುಗಿಸಿ ಜೋಡಣೆ ನೋಡಿ. ಬಿಸಿಯಲ್ಲಿ ಬೆಸೆದಿರಬೇಕು, ಅಥವಾ ಹೊಲಿಗೆಯ ಮೇಲೆ ಟೇಪ್ ಪೂರ್ತಿ ಕೂತಿರಬೇಕು. ಬರೀ ಹೊಲಿಗೆ ಕಂಡರೆ ಬಿಟ್ಟುಬಿಡಿ, ಸೂಜಿ ಹೋದ ಜಾಗದಲ್ಲೆಲ್ಲ ನೀರು ಜಿನುಗುತ್ತದೆ.

ಸುತ್ತಿ ಮುಚ್ಚುವ ಬ್ಯಾಗ್ ಮಳೆಗೆ, ಎರಚುವ ನೀರಿಗೆ, ಒಂದು ಸಲ ಮುಳುಗಿ ಏಳುವುದಕ್ಕೆ ತಡೆಯುತ್ತದೆ. ನೀರಿನಡಿ ಬಹಳ ಹೊತ್ತು ಇಡುವುದಕ್ಕೆ ಮಾಡಿದ್ದಲ್ಲ ಅದು. ಫೋನ್ ಪೌಚ್ ಮೇಲೆ ಐಪಿಎಕ್ಸ್ 7 ಅಂತ ಇದ್ದರೆ, 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ. ಫೋನನ್ನು ಅಂಥ ಪೌಚಿನಲ್ಲಿ ಹಾಕಿ, ಪೌಚನ್ನು 5 ಲೀಟರಿನ ಬ್ಯಾಗಿನಲ್ಲಿ ಇಡಿ. ಎರಡು ಪದರ ಇದ್ದರೆ ಮನಸ್ಸಿಗೂ ನೆಮ್ಮದಿ ಅಲ್ವಾ.

ಬೆನ್ನಚೀಲಕ್ಕೆ ರೇನ್ ಕವರ್ ಇದೆಯಲ್ಲ ಅಂತ ಡ್ರೈ ಬ್ಯಾಗ್ ಬಿಡಬೇಡಿ. ಕವರ್ ಬೆನ್ನಿನ ಕಡೆ ಮುಚ್ಚುವುದಿಲ್ಲ. ಭುಜದ ಪಟ್ಟಿ ಹಿಡಿದು ನೀರು ಒಳಗೆ ಇಳಿಯುತ್ತದೆ.

ಇನ್ನೊಂದು. ಒದ್ದೆ ಬಟ್ಟೆಯನ್ನು ಒಣಗಿದ್ದರ ಜೊತೆ ಹಾಕಲೇಬೇಡಿ. ಹೊರಗಿನ ನೀರನ್ನು ಬಿಡದ ಚೀಲ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಒದ್ದೆ ಬಟ್ಟೆಗೆ ಸಾದಾ ಪ್ಲಾಸ್ಟಿಕ್ ಚೀಲ ಸಾಕು. ಮನೆಗೆ ಬಂದ ಮೇಲೆ ಬ್ಯಾಗನ್ನು ಸಿಹಿನೀರಲ್ಲಿ ತೊಳೆದು, ಒಳಗು ಹೊರಗು ಮಾಡಿ ನೆರಳಲ್ಲಿ ಒಣಗಿಸಿ. ತೇವದಲ್ಲೇ ಮಡಚಿಟ್ಟರೆ ಬೂಷ್ಟು ಹಿಡಿಯುತ್ತದೆ, ನೈಲಾನ್‌ನ ಒಳಪದರ ಅಂಟಂಟಾಗಿ ಕಿತ್ತುಬರುತ್ತದೆ.

ಹೊರಡುವ ಒಂದು ವಾರ ಮೊದಲು ಮೂರೂ ಬ್ಯಾಗಿನೊಳಗೆ ಟಿಶ್ಯೂ ಪೇಪರ್ ಇಟ್ಟು, ಮೂರು ಸುತ್ತು ಸುತ್ತಿ, ಬಕೆಟ್ ನೀರಿನಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಗುಳ್ಳೆ ಎಲ್ಲಿಂದ ಏಳುತ್ತದೆ ನೋಡಿ. ಬಾಯಿಂದ ಎದ್ದರೆ ಸುತ್ತಿದ್ದು ಸರಿಯಿಲ್ಲ, ಬಿಚ್ಚಿ ಮತ್ತೆ ಸುತ್ತಿ. ಮೈಯಿಂದ ಎದ್ದರೆ ಅಲ್ಲಿ ಪೆನ್ನಿನಲ್ಲಿ ಗುರುತು ಹಾಕಿ, ಒಣಗಿದ ಮೇಲೆ ಪ್ಯಾಚ್ ಅಂಟಿಸಿ. ಜೋಡಣೆಯಿಂದಲೇ ಎದ್ದರೆ ವಾಪಸ್ ಕೊಟ್ಟು ಬೇರೆ ತನ್ನಿ, ಅದಕ್ಕೇ ಒಂದು ವಾರ ಮೊದಲು ನೋಡಿ ಅಂದಿದ್ದು.