ತರಬೇತಿಯಿಲ್ಲದ ಪದವಿ ವಿದ್ಯಾರ್ಥಿಗಳು ಚಿಕ್ಕ ಮಕ್ಕಳಿಗೆ ಓದು ಕಲಿಸಬಹುದೇ?

ಕಲಬುರಗಿಯಲ್ಲಿ ಬಿ.ಎ. ಓದುತ್ತಿರುವ ನೀವು, ಗೆಳತಿಯರೊಡನೆ ಸೇರಿ ಓಣಿಯ ಸರ್ಕಾರಿ ಶಾಲೆಯ ಎರಡು, ಮೂರನೆಯ ತರಗತಿಯ ಮಕ್ಕಳಿಗೆ ಕನ್ನಡ ಓದಲು ಕಲಿಸಬೇಕೆಂದಿದ್ದೀರಿ. ಇದು ನಮ್ಮಿಂದಾದೀತೇ, ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಎನ್‌ಎಸ್‌ಎಸ್‌ನಲ್ಲಿ (ರಾಷ್ಟ್ರೀಯ ಸೇವಾ ಯೋಜನೆ) ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ಮಾಡಬೇಕಲ್ಲ, ಅದರ ಬಹುಪಾಲನ್ನು ನಾನು ಇದೇ ಜಿಲ್ಲೆಯ ಒಂದು ಶಾಲೆಯಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತೇ ಕಳೆದೆ.

ಮೊದಲ ವಾರ ಏನನ್ನೂ ಕಲಿಸಬೇಡಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಯಾರಿಗೆ ನಿಜಕ್ಕೂ ಎಷ್ಟು ಓದಲು ಬರುತ್ತದೆಂದು ನೋಡಿ. ನನ್ನ ಗುಂಪಿನ ಹುಡುಗಿಯೊಬ್ಬಳು ಸಾಲಿನ ಮೇಲೆ ಬೆರಳಿಟ್ಟು ಪಾಠವನ್ನು ಪಟಪಟನೆ ಓದುತ್ತಿದ್ದಳು. ಒಂದು ದಿನ ನಡುವಿನ ಒಂದೇ ಪದ ಕಾಣುವಂತೆ ಉಳಿದುದನ್ನು ಅಂಗೈಯಿಂದ ಮುಚ್ಚಿದೆ. ಅವಳ ತುಟಿಗಳು ಅಲುಗತೊಡಗಿದವು; ಆ ಪದ ತಲುಪಲು ಸಾಲನ್ನು ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬರುತ್ತಿದ್ದಳು. ಅಷ್ಟು ದಿನ ನಾನು ಓದು ಎಂದುಕೊಂಡಿದ್ದು ಬಾಯಿಪಾಠವಾಗಿತ್ತು.

ಶಾಲೆಯಲ್ಲಿ ನಲಿ-ಕಲಿ, ಅಂದರೆ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವ ಪದ್ಧತಿ ಇರುವುದರಿಂದ ಮಗು ಯಾವ ಮೆಟ್ಟಿಲಿನಲ್ಲಿದೆ ಎಂದು ಶಿಕ್ಷಕರನ್ನೇ ಕೇಳಿ. ಅಲ್ಲಿ ಅಕ್ಷರಗಳು ರ, ಗ, ಸ, ದ, ಅ ಎಂಬ ಕ್ರಮದಲ್ಲಿ ಬರುತ್ತವೆ. ಸಂಜೆ ನೀವು ಅ, ಆ, ಇ, ಈ ಎಂದು ಬೇರೆಯದೇ ಕ್ರಮ ಹಿಡಿದರೆ ಮಗು ಗೊಂದಲಕ್ಕೆ ಬೀಳುತ್ತದೆ.

ಹೆಚ್ಚಿನ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ‘ರಸ್ತೆ’ ಎಂಬುದನ್ನು ‘ರಸೆತ’ ಎಂದು ಓದುವ ಮಗುವನ್ನು ದಡ್ಡನೆನ್ನಬೇಡಿ. ಎತ್ವ ಕಾಣುವುದು ಸಕಾರದ ತಲೆಯ ಮೇಲೆ, ಆದರೆ ಅದನ್ನು ಉಚ್ಚರಿಸುವುದು ಕೆಳಗಿನ ತಕಾರದ ನಂತರ. ಕಣ್ಣಿಗೆ ಕಂಡ ಕ್ರಮದಲ್ಲಿ ಮಗು ಓದಿರುತ್ತದೆ, ಅಷ್ಟೇ. ಮೊದಲು ‘ಅಜ್ಜ’, ‘ಹಳ್ಳ’, ‘ಬೆಲ್ಲ’ದಂತಹ ಸಜಾತಿ ಒತ್ತುಗಳನ್ನು (ಅಕ್ಷರಕ್ಕೆ ಅದೇ ಅಕ್ಷರದ ಒತ್ತು) ಚಪ್ಪಾಳೆ ತಟ್ಟುತ್ತಾ ಬಿಡಿಸಿ ಹೇಳಿಸಿ, ಅವು ಸಲೀಸಾದ ಮೇಲೆ ‘ರಸ್ತೆ’, ‘ಪುಸ್ತಕ’ಗಳಿಗೆ ಬನ್ನಿ. ನನ್ನ ಗುಂಪಿಗೆ ಇದಕ್ಕೇ ಎರಡು ತಿಂಗಳು ಹಿಡಿಯಿತು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ‘ಅಪ್ಪ ಸಂತೆಗೆ ಹೋಗಿದ್ದಾನೆ’ ಎಂಬುದನ್ನು ನಮ್ಮ ಭಾಗದ ಮಗು ‘ಅಪ್ಪ ಸಂತಿಗಿ ಹೋಗ್ಯಾನ’ ಎಂದು ಓದಿದರೆ ತಡೆಯಬೇಡಿ. ಅರ್ಥವಾಗದೆ ಹಾಗೆ ಓದಲು ಸಾಧ್ಯವೇ ಇಲ್ಲ. ಓದಿ ಮುಗಿದ ಮೇಲೆ ಪುಸ್ತಕದಲ್ಲಿ ಹೇಗಿದೆ ಎಂದು ಒಮ್ಮೆ ತೋರಿಸಿದರೆ ಸಾಕು. ಮನೆಯಲ್ಲಿ ಲಂಬಾಣಿ ಅಥವಾ ದಖನಿ ಮಾತನಾಡುವ ಮಕ್ಕಳಿಗೆ ಮಾತ್ರ, ಪದವನ್ನು ಓದಿಸುವ ಮೊದಲು ಅದರ ಅರ್ಥ ಗೊತ್ತಿದೆಯೇ ಎಂದು ವಿಚಾರಿಸಿ, ನೀರಿನ ಚಿತ್ರ ನೋಡಿ ‘ಪಾನಿ’ ಎಂದರೆ ಒಪ್ಪಿಕೊಂಡು, ಅಲ್ಲಿಂದ ‘ನೀರು’ ಪದಕ್ಕೆ ಕರೆತನ್ನಿ.

ಒಬ್ಬೊಬ್ಬರಿಗೆ ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಯ ಹೊತ್ತಿಗೆ ಕೆಲವರು ವಾರಗಟ್ಟಲೆ ಬರುವುದಿಲ್ಲ. ಆದ್ದರಿಂದ ಪ್ರತಿ ಮಗುವಿಗೂ ಒಂದು ನೋಟ್‌ಬುಕ್ ಇಟ್ಟು, ಕೊನೆಯ ದಿನ ಸರಾಗವಾಗಿ ಓದಿದ ಪದಗಳನ್ನು ಬರೆದಿಡಿ. ಮರಳಿ ಬಂದ ದಿನ ಆ ಪುಟವನ್ನೇ ತೆರೆದು ಮಗುವಿನ ಮುಂದಿಡಿ.