ಓದುಗರ ಪ್ರಶ್ನೆ: ಮಕ್ಕಳ ವಿಡಿಯೊ ವರದಿ

ಪ್ರಶ್ನೆ: ಒಂಬತ್ತನೇ ತರಗತಿಯ ಮಕ್ಕಳಿಗೆ ವಿಡಿಯೊ ವರದಿಗಾರಿಕೆ ಕಲಿಸುತ್ತಿದ್ದೇನೆ. ಶಾಲೆಯ ಎದುರು ರಸ್ತೆ ದಾಟುವುದು ಎಷ್ಟು ಕಷ್ಟ ಎಂಬ ವಿಷಯ ಆರಿಸಿಕೊಂಡರು. ಕೊನೆಗೆ ಹತ್ತು ಜನರ ದೂರಿನ ಸರಮಾಲೆಯಾಯಿತು. ಎಲ್ಲಿ ತಪ್ಪಿದೆ?

ಉತ್ತರ: ಕ್ಯಾಮೆರಾ ಬೇಗ ಹೊರಗೆ ಬಂದಿದೆ. ಚಿತ್ರೀಕರಣಕ್ಕೆ ಮುಂಚೆ ಒಂದು ಪೀರಿಯಡ್ ಪೂರ್ತಿ ಒಂದೇ ಪ್ರಶ್ನೆಗೆ ಮೀಸಲಿಡಿ: ಇದನ್ನು ತೀರ್ಮಾನಿಸುವವರು ಯಾರು? ಜೀಬ್ರಾ ಪಟ್ಟಿ ಬಳಿಯುವುದು, ವೇಗಮಿತಿ ನಿಗದಿ ಮಾಡುವುದು, ಶಾಲೆ ಬಿಡುವ ಹೊತ್ತಿಗೆ ಪೊಲೀಸರನ್ನು ನಿಲ್ಲಿಸುವುದು, ಇವೆಲ್ಲ ಎಷ್ಟೋ ಸಲ ಬೇರೆ ಬೇರೆ ಕಚೇರಿಗಳ ಕೆಲಸ. ಯಾವುದು ಯಾರದ್ದು ಎಂದು ಮಕ್ಕಳು ತಾವೇ ವಿಚಾರಿಸಿ ತಿಳಿಯಲಿ. ಪೌರಪ್ರಜ್ಞೆಯ ಪಾಠ ಇರುವುದೇ ಅಲ್ಲಿ. ಉತ್ತರ ನೀವೇ ಹೇಳಿಕೊಟ್ಟರೆ ಅದು ಕೈತಪ್ಪುತ್ತದೆ.

ಆಮೇಲೆ ಎಣಿಕೆ. ಶಾಲೆ ಬಿಟ್ಟ ಮೇಲಿನ 30 ನಿಮಿಷ, ಎರಡು ದಿನ, ಕಾಗದದ ಮೇಲೆ ಗೆರೆ ಎಳೆಯುತ್ತ ಇಬ್ಬರು ಲೆಕ್ಕ ಹಾಕಲಿ: ವಾಹನ ನಿಂತು ದಾರಿ ಬಿಟ್ಟದ್ದೆಷ್ಟು, ಕಾಲಿಟ್ಟ ಮಗು ಹಿಂದೆ ಸರಿದದ್ದೆಷ್ಟು. ಇಬ್ಬರ ಲೆಕ್ಕ ಹೊಂದದಿದ್ದರೆ ಆ ಅಂಕಿ ಬಳಸಬೇಡಿ, ಮತ್ತೆ ಎಣಿಸಿ. ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು, ಟ್ರೈಪಾಡ್ ಪಾದಚಾರಿ ಹಾದಿಯಿಂದ ಕೆಳಗಿಳಿಯಕೂಡದು.

ಅಧಿಕಾರಿಯ ಮುಂದೆ “ಯಾಕೆ ಏನೂ ಮಾಡಿಲ್ಲ?” ಎಂದರೆ ಸಮಜಾಯಿಷಿ ಬಿಟ್ಟು ಬೇರೇನೂ ಸಿಗದು. “ಇಲ್ಲಿ ಪಟ್ಟಿ ಬೇಕೆಂದು ಮನವಿ ಬಂದಿದೆಯೇ? ಅದು ಈಗ ಯಾವ ಹಂತದಲ್ಲಿದೆ? ಮುಂದಿನ ತೀರ್ಮಾನ ಯಾವಾಗ?” ಎಂದು ಕೇಳಿಸಿ. ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಿ, ಉತ್ತರಕ್ಕೆ ಒಂದು ವಾರ ಬಿಡಿ. ಬರದಿದ್ದರೆ, ಯಾವ ದಿನ ಏನು ಕೇಳಿದೆವು, ಉತ್ತರ ಬಂದಿಲ್ಲ ಎಂಬಷ್ಟನ್ನೇ ವಿಡಿಯೊದಲ್ಲಿ ಹೇಳಿದರೆ ಸಾಕು. ಹತ್ತು ದೂರಿನಲ್ಲಿ ಒಂದನ್ನು ಉಳಿಸಿಕೊಳ್ಳಿ. ಜೊತೆಗೆ ಆ ದಾರಿಯಲ್ಲಿ ದಿನವೂ ಗಾಡಿ ಓಡಿಸುವವರೊಬ್ಬರನ್ನು ಮಾತನಾಡಿಸಿ. ಮಕ್ಕಳು ಮರೆಯುವುದು ಅವರನ್ನೇ.

ಪ್ರಶ್ನೆ: ಸಂದರ್ಶನದಲ್ಲಿ ಮಾತಿಗಿಂತ ಗಾಡಿಗಳ ಸದ್ದೇ ಜೋರು. ಎಡಿಟಿಂಗ್‌ಗೆ ಕೂತರೆ ಮುಖ ಬಿಟ್ಟು ಬೇರೆ ದೃಶ್ಯವೇ ಇಲ್ಲ.

ಉತ್ತರ: ಸದ್ದಿನ ತೊಂದರೆಗೆ ಕಾರಣ ಮೈಕಿಗೂ ಮಾತನಾಡುವವರ ಬಾಯಿಗೂ ನಡುವಿನ ದೂರ. ಕಾಲರ್ ಮೈಕ್ ಇದ್ದರೆ ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಇಲ್ಲದಿದ್ದರೆ ಇನ್ನೊಂದು ಫೋನಿನಲ್ಲಿ ರೆಕಾರ್ಡರ್ ಹಚ್ಚಿ, ಚೌಕಟ್ಟಿಗೆ ಕಾಣದಂತೆ ಎದೆಯ ಹತ್ತಿರ ಹಿಡಿಯಿರಿ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಆ ಸದ್ದನ್ನು ಗುರುತಾಗಿಟ್ಟುಕೊಂಡು ದೃಶ್ಯಕ್ಕೆ ಧ್ವನಿ ಕೂಡಿಸಬಹುದು. ಎರಡೂ ಫೋನುಗಳು ಏರೋಪ್ಲೇನ್ ಮೋಡಿನಲ್ಲಿರಲಿ. ಮಾತು ರಸ್ತೆಯಿಂದ ದೂರದಲ್ಲಿ ನಡೆಯಲಿ, ರಸ್ತೆಯ ಸದ್ದನ್ನು 30 ಸೆಕೆಂಡು ಬೇರೆಯಾಗಿ ಹಿಡಿದು ಎಡಿಟಿಂಗ್‌ನಲ್ಲಿ ಮೆಲ್ಲಗೆ ಸೇರಿಸಿ.

ದೃಶ್ಯಗಳಿಗೆ ಐದು ಶಾಟ್‌ಗಳ ಅಭ್ಯಾಸ ಮಾಡಿಸಿ: ಕೈ ಏನು ಮಾಡುತ್ತಿದೆ, ಮುಖ, ಇಡೀ ಜಾಗ, ಹೆಗಲ ಹಿಂದಿನಿಂದ, ಮತ್ತೆ ಅವರೇ ಕಂಡುಕೊಂಡ ಒಂದು ಕೋನ. ಪ್ರತಿಯೊಂದೂ 10 ಸೆಕೆಂಡು, ಅಲುಗದೆ. ಗಮನಿಸಿ ನೋಡಿ, ಮೂರನೇ ಸೆಕೆಂಡಿಗೇ ಮಕ್ಕಳ ಮಣಿಕಟ್ಟು ಪಕ್ಕಕ್ಕೆ ತಿರುಗಲು ಶುರುವಾಗುತ್ತದೆ. ಗುಂಡಿ ಒತ್ತುವಾಗಿನ, ನಿಲ್ಲಿಸುವಾಗಿನ ಅಲುಗಾಟ ಕತ್ತರಿಸಿದರೆ ಆಗ ಬಳಸಲು ಏನೂ ಉಳಿಯದು. ಮನಸ್ಸಿನಲ್ಲೇ ಹತ್ತು ಎಣಿಸಲು ಹೇಳಿ. ಕೊಠಡಿಯೊಳಗೆ ಬೆಳಕು ಮಿಣಮಿಣ ಎಂದರೆ, ವಿದ್ಯುತ್ 50 ಹರ್ಟ್ಸ್ ಇರುವೆಡೆ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್ ಮತ್ತು ಶಟರ್ ವೇಗ 1/50 ಸೆಕೆಂಡು ಇಡಿ.

ಪ್ರಶ್ನೆ: ಚಿಕ್ಕ ಮಕ್ಕಳು ಕಾಣಿಸಿಕೊಂಡರೆ ಮುಖ ಮಸುಕು ಮಾಡಿದರೆ ಸಾಲದೇ?

ಉತ್ತರ: ಸಾಲದು. ಸಮವಸ್ತ್ರ, ಬ್ಯಾಗು, ಧ್ವನಿಯಿಂದಲೇ ಗುರುತು ಸಿಗುತ್ತದೆ. ಪೋಷಕರ ಲಿಖಿತ ಒಪ್ಪಿಗೆ ಮೊದಲೇ ಪಡೆಯಿರಿ, ಎಲ್ಲಿ ಪ್ರದರ್ಶಿಸುತ್ತೀರಿ ಎಂಬುದೂ ಅದರಲ್ಲಿರಲಿ. ಪೋಷಕರು ಒಪ್ಪಿದರೂ ಮಗು ಬೇಡ ಎಂದರೆ ಬಿಟ್ಟುಬಿಡಿ. ಒಪ್ಪಿಗೆ ಇಲ್ಲದ ಕಡೆ ನಡೆಯುವ ಕಾಲುಗಳನ್ನಷ್ಟೇ ಹತ್ತಿರದಿಂದ ತೆಗೆಯಿರಿ. ರಸ್ತೆ ದಾಟುವ ವರದಿಗೆ ಅಷ್ಟು ಸಾಕಾಗುತ್ತದೆ.