ಮಡಿಕೇರಿಯಲ್ಲಿ 10 ಕಿ.ಮೀ. ಓಟ ಸಲೀಸು, ಕಾಸರಗೋಡಲ್ಲಿ 5ಕ್ಕೇ ಕಾಲು ಭಾರ ಅಂದಿದ್ದೀರಿ
ನಿಮ್ಮ ಕಾಲು ಸೋತಿಲ್ಲ, ಹೆಚ್ಚಾಗಿ ಇದು ಸೆಕೆಯ ಕೆಲಸ. ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ಏಪ್ರಿಲ್‌ನಲ್ಲಿ ಕಾಸರಗೋಡಿನ ತೇವದ ಗಾಳಿಯಲ್ಲಿ ಅದು ಆರುವುದೇ ಕಷ್ಟ. ಬನಿಯನ್ ಹಿಂಡಿದರೆ ನೀರು ಸುರಿಯುತ್ತದೆ, ಅಲ್ವಾ? ಮೈ ಬಿಸಿಯೇರಿದಾಗ ರಕ್ತ ಚರ್ಮದ ಕಡೆಗೂ ಹರಿಯಬೇಕು, ಹೃದಯದ ಬಡಿತ ಏರುತ್ತದೆ, ಮಿದುಳೂ ಸ್ನಾಯುಗಳಿಗೆ ಬ್ರೇಕ್ ಹಾಕುತ್ತದೆ. ಹಾಗಾಗಿ ಅದೇ ವೇಗ ಇಲ್ಲಿ ಜಾಸ್ತಿ ದಣಿಸುತ್ತದೆ.

ಮೊದಲು ವಾಚ್‌ನಲ್ಲಿ ವೇಗ ನೋಡುವುದನ್ನು ಬಿಡಿ. 10–14 ದಿನ, ಮಾತಾಡುತ್ತಾ ಓಡಬಹುದಾದಷ್ಟು ನಿಧಾನಕ್ಕೆ ಓಡಿ. ಅಷ್ಟರಲ್ಲಿ ಮೈ ಒಗ್ಗುತ್ತದೆ: ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ. ಆಮೇಲೆ ವೇಗ ಏರಿಸಿ. ಬೆಳಗಿನ ಜಾವ ತೇವ ಜಾಸ್ತಿಯಿದ್ದರೂ ಬಿಸಿಲಿಲ್ಲ, ಅದೇ ವಾಸಿ.

ಓಟ ಒಂದು ಗಂಟೆ ಮೀರಿದರೆ ಉಪ್ಪು ಹಾಕಿದ ಗಂಜಿ ನೀರು ಕುಡಿಯಿರಿ. ದುಬಾರಿ ಬಾಟಲಿ ಬೇಕಿಲ್ಲ. ಸುಮ್ನೆ ಲೀಟರ್‌ಗಟ್ಟಲೆ ಬರೀ ನೀರು ಬೇಡ. ಮೀನಖಂಡ ಹಿಡಿಯುವುದು ಉಪ್ಪಿನ ಕೊರತೆಯಿಂದಲೇ ಎನ್ನಲಾಗದು, ಬರೀ ದಣಿವೂ ಇರಬಹುದು.

ತಲೆ ಸುತ್ತಿದರೆ, ಸೆಕೆಯಲ್ಲೂ ಚಳಿಯಾದರೆ ಅಲ್ಲೇ ನಿಲ್ಲಿಸಿ, ನೆರಳಲ್ಲಿ ಮೈಮೇಲೆ ನೀರು ಸುರಿದುಕೊಳ್ಳಿ. ಮಾತು ತಡವರಿಸಿದರೆ ನೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಲು ಜೊತೆಯವರಿಗೆ ಮೊದಲೇ ಹೇಳಿಡಿ.